ಪಾರ್ಸನ್ಸ್ ಬೀದಿಯ ಹೊನ್ನಿನ ಗಿಟಾರು

ಅಮೆರಿಕದ ಷಿಕಾಗೋ ಮಹಾನಗರದಿಂದ ಹೊರಟು, ಮಿಷಿಗನ್ ಸರೋವರದ ದಕ್ಷಿಣದ ಅಂಚನ್ನು ಬಳಸಿ ಡೆಟ್ರಾಯಿಟ್ ನಗರದ ಕಡೆಗೆ ಸಾಗುವ ರೈಲು, ಹೆಚ್ಚು ಕಡಿಮೆ ನಡುದಾರಿಯಲ್ಲಿ ಒಂದು ಊರಿನಲ್ಲಿ ನಿಲ್ಲುತ್ತದೆ. ಊರಿನ ಹೆಸರು ಕಲಮಜೂ. ಮೊದಲ ಸಲ ಕೇಳಿದವರಿಗೆ ಮಕ್ಕಳ ಪದ್ಯದಲ್ಲಿ ಬರುವ ಶಬ್ದದಂತೆ ತೋರುವ ಈ ಹೆಸರು ಅಲ್ಲಿನ ಮೂಲ ನಿವಾಸಿಗಳಾದ ಪಾಟವಾಟಮಿ ಜನರ ಭಾಷೆಯಿಂದ ಬಂದುದು. ಅದರ ಅರ್ಥವೇನೆಂಬ ವಿಷಯದಲ್ಲಿ ಬಲ್ಲವರಲ್ಲಿ ಏಕಾಭಿಪ್ರಾಯವಿಲ್ಲ. ಊರಿನ ನಡುವೆ ಹರಿಯುವ ನದಿಗೂ ಅದೇ ಹೆಸರು. 2020ರ ಜನಗಣತಿಯಂತೆ ಇಲ್ಲಿನ ಜನಸಂಖ್ಯೆ ಸುಮಾರು 73,000. ನಮ್ಮ ಲೆಕ್ಕದಲ್ಲಿ ಒಂದು ತಾಲ್ಲೂಕು ಕೇಂದ್ರಕ್ಕಿಂತ ಹೆಚ್ಚಿನದಲ್ಲ.

ಆದರೆ ಈ ಊರಿನ ಕೈಗೆ ಒಂದು ಗುಣವಿದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಹಾಲೆಂಡಿನಿಂದ ಬಂದ ಒಕ್ಕಲಿಗರು ಊರ ಸುತ್ತಣ ಜೌಗು ನೆಲವನ್ನು ಹದಗೊಳಿಸಿ ಸೆಲರಿ ಎಂಬ ತರಕಾರಿಯನ್ನು ಬೆಳೆದು ಊರಿಗೆ ‘ಸೆಲರಿ ನಗರ’ವೆಂಬ ಅಡ್ಡಹೆಸರನ್ನು ತಂದುಕೊಟ್ಟರು. ನದಿಯ ದಡದಲ್ಲಿ ಕಾಗದದ ಗಿರಣಿಗಳೆದ್ದವು. 1886ರಲ್ಲಿ ಇಲ್ಲಿ ಆರಂಭವಾದ ಅಪ್‌ಜಾನ್ ಕಂಪನಿಯು, ಹೆಬ್ಬೆರಳಿನಿಂದ ಒತ್ತಿದರೆ ಪುಡಿಯಾಗುವ ಗುಳಿಗೆಯನ್ನು ಮಾರಿ ದೊಡ್ಡ ಔಷಧೋದ್ಯಮವಾಗಿ ಬೆಳೆಯಿತು. ಅಡಿಗೆಮನೆಯ ಕಬ್ಬಿಣದ ಒಲೆಗಳು ಇಲ್ಲಿಂದ ದೇಶದ ಮನೆಮನೆಗೆ ಹೋದವು. ನ್ಯೂಯಾರ್ಕಿನ ಬೀದಿಗಳಲ್ಲಿ ಒಂದು ಕಾಲಕ್ಕೆ ಎಲ್ಲೆಲ್ಲೂ ಕಾಣುತ್ತಿದ್ದ ಚೆಕರ್ ಟ್ಯಾಕ್ಸಿಗಳು ಕೂಡ ಇಲ್ಲಿಯೇ, 1982ರವರೆಗೂ, ತಯಾರಾಗುತ್ತಿದ್ದವು.

ಇಷ್ಟೆಲ್ಲ ಮಾಡಿದ ಊರನ್ನು ಲೋಕವು ಇಂದು ನೆನೆಯುವುದು ಮಾತ್ರ ಇನ್ನೊಂದು ವಸ್ತುವಿನಿಂದ. ಅದು ಒಂದು ಗಿಟಾರು. ಊರಿನ ಉತ್ತರ ಭಾಗದಲ್ಲಿ, ರೈಲು ಹಳಿಗಳ ಸಮೀಪದ ಪಾರ್ಸನ್ಸ್ ಬೀದಿಯಲ್ಲಿ, 225ನೆಯ ಸಂಖ್ಯೆಯ ಇಟ್ಟಿಗೆಯ ಕಟ್ಟಡವೊಂದರಲ್ಲಿ 1952ರಲ್ಲಿ ಹುಟ್ಟಿದ ‘ಲೆಸ್ ಪಾಲ್’ ಎಂಬ ಗಟ್ಟಿ ಮೈಯ ವಿದ್ಯುತ್ ಗಿಟಾರಿನ ಕಥೆಯೇ ಈ ಲೇಖನದ ವಸ್ತು. ಅದರ ಮೈಮೇಲೆ ಇಬ್ಬರ ಹೆಸರಿದೆ: ಗಿಬ್ಸನ್ ಎಂಬ ಕಂಪನಿಯದು, ಲೆಸ್ ಪಾಲ್ ಎಂಬ ವಾದಕನದು. ಅದನ್ನು ಕೆತ್ತಿ, ಅಂಟಿಸಿ, ಬಣ್ಣ ಬಳಿದು, ತಂತಿ ಕಟ್ಟಿದ ಊರಿನ ಹೆಸರು ಮಾತ್ರ ಎದುರಿಗೆ ಕಾಣುವುದಿಲ್ಲ. ಹಾಗಾದರೆ ಆ ವಾದ್ಯ ನಿಜವಾಗಿ ಯಾರದು? ಕಲಮಜೂವಿನ ಜನರು ಒಂದು ದಿನ ಈ ಪ್ರಶ್ನೆಗೆ ತಮ್ಮ ಜೀವನದಿಂದಲೇ ಉತ್ತರ ಹೇಳಬೇಕಾಗಿ ಬಂದಿತು.

ಜೋಡಿನಂಗಡಿಯ ಗುಮಾಸ್ತೆ

ಆರ್ವಿಲ್ ಗಿಬ್ಸನ್ 1856ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಉತ್ತರದ ಮೂಲೆಯ ಹಳ್ಳಿಯೊಂದರಲ್ಲಿ ಹುಟ್ಟಿದವನು. ಹೊಟ್ಟೆಯ ಪಾಡಿಗೆ ಪಶ್ಚಿಮಕ್ಕೆ ಬಂದು ಕಲಮಜೂವಿನಲ್ಲಿ ನೆಲೆಸಿ, ಜೋಡು ಮಾರುವ ಅಂಗಡಿಯೊಂದರಲ್ಲಿ ಗುಮಾಸ್ತೆಯಾದನು. ಬಿಡುವಿನ ವೇಳೆಯಲ್ಲಿ ಮರದ ಕೆಲಸ ಮಾಡುವುದು ಅವನ ಹುಚ್ಚು. ಆ ಕಾಲದಲ್ಲಿ ಅಮೆರಿಕದ ಊರೂರಿನಲ್ಲೂ ಮ್ಯಾಂಡೊಲಿನ್ ವಾದ್ಯದ ಗೀಳು ಹಬ್ಬಿತ್ತು. ಆಗಿನ ಮ್ಯಾಂಡೊಲಿನ್‌ಗಳ ಹೊಟ್ಟೆಯನ್ನು ತೆಳುವಾದ ಪಟ್ಟಿಗಳನ್ನು ಬಗ್ಗಿಸಿ ಜೋಡಿಸಿ ಮಾಡುತ್ತಿದ್ದರು. ಬಲವಂತದಿಂದ ಬಗ್ಗಿಸಿದ ಮರವು ಮನಬಿಚ್ಚಿ ಮಿಡಿಯಲಾರದು ಎಂಬುದು ಗಿಬ್ಸನ್ನನ ನಂಬಿಕೆ. ಆದುದರಿಂದ ಅವನು ಪಿಟೀಲಿನ ಮೇಲ್ಹಲಗೆಯಂತೆ ಮಧ್ಯದಲ್ಲಿ ಉಬ್ಬಿ ಅಂಚಿನಲ್ಲಿ ಇಳಿಯುವ ಹಾಗೆ ಮರವನ್ನು ಕೆತ್ತಿಯೇ ವಾದ್ಯವನ್ನು ರೂಪಿಸಿದನು. 1898ರಲ್ಲಿ ಅದಕ್ಕೆ ಪೇಟೆಂಟು ದೊರೆಯಿತು.

1902ರಲ್ಲಿ ಕಲಮಜೂವಿನ ಐವರು ವರ್ತಕರು ಕೂಡಿ ಅವನ ಹಕ್ಕುಗಳನ್ನು 2,500 ಡಾಲರಿಗೆ ಕೊಂಡು, ಅವನ ಹೆಸರಿನಲ್ಲಿಯೇ ಕಂಪನಿಯನ್ನು ಸ್ಥಾಪಿಸಿದರು. ಗಿಬ್ಸನ್ನನು ಅದರ ಒಡೆಯನಾಗಲಿಲ್ಲ. ಕೆಲವು ವರ್ಷಗಳಲ್ಲಿಯೇ ಊರನ್ನು ಬಿಟ್ಟು, 1918ರಲ್ಲಿ ನ್ಯೂಯಾರ್ಕ್ ಸಂಸ್ಥಾನದ ಆಸ್ಪತ್ರೆಯೊಂದರಲ್ಲಿ ತೀರಿಕೊಂಡನು. ಹೆಸರು ಒಬ್ಬನದು, ಒಡೆತನ ಇನ್ನೊಬ್ಬರದು, ಕೆಲಸ ಮತ್ತೊಬ್ಬರದು ಎಂಬ ಪದ್ಧತಿ ಹೀಗೆ ಮೊದಲ ದಿನದಿಂದಲೇ ಈ ಕಥೆಯಲ್ಲಿ ಸೇರಿಕೊಂಡಿತು.

ಅವನು ಸಾಯುವ ಹಿಂದಿನ ವರ್ಷ, 1917ರಲ್ಲಿ, ಕಂಪನಿಯು ಪಾರ್ಸನ್ಸ್ ಬೀದಿಯಲ್ಲಿ ಹೊಸ ಕಾರ್ಖಾನೆಯನ್ನು ಕಟ್ಟಿಸಿತು. ಸಾಲುಸಾಲಾಗಿ ದೊಡ್ಡ ಕಿಟಕಿಗಳಿರುವ ಇಟ್ಟಿಗೆಯ ಕಟ್ಟಡ. ಅದರ ಹಿಂದೆ ಎತ್ತರವಾದ ಹೊಗೆಗೊಳವೆ. ಗೊಳವೆಯ ಮೈಮೇಲೆ ಮೇಲಿನಿಂದ ಕೆಳಕ್ಕೆ ಬರೆದ ಗಿಬ್ಸನ್ ಎಂಬ ಹೆಸರು. 1922ರಲ್ಲಿ ಲಾಯ್ಡ್ ಲೋರ್ ಎಂಬ ಕುಶಲಿಯ ಮೇಲ್ವಿಚಾರಣೆಯಲ್ಲಿ ಇಲ್ಲಿ ತಯಾರಾದ ಗಿಟಾರುಗಳನ್ನೂ ಮ್ಯಾಂಡೊಲಿನ್‌ಗಳನ್ನೂ ಇಂದಿಗೂ ವಾದಕರು ನಿಧಿಯಂತೆ ಕಾಣುತ್ತಾರೆ. 1936ರಲ್ಲಿ ಇಲ್ಲಿಂದಲೇ ಟೊಳ್ಳು ಹೊಟ್ಟೆಯ ವಿದ್ಯುತ್ ಗಿಟಾರು ಹೊರಬಂದಿತು. ಚಾರ್ಲಿ ಕ್ರಿಶ್ಚಿಯನ್ ಎಂಬ ಯುವಕ ಜಾಝ್ ವಾದಕನು ಅದನ್ನು ನುಡಿಸಿ, ಮೇಳದ ಹಿಂದೆ ತಾಳ ಹಿಡಿದು ಕುಳಿತಿದ್ದ ಗಿಟಾರನ್ನು ವೇದಿಕೆಯ ಮುಂಭಾಗಕ್ಕೆ ತಂದನು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಗಂಡಸರು ರಣರಂಗಕ್ಕೆ ಹೋದಾಗ ಕಲಮಜೂವಿನ ಹೆಂಗಸರು ಈ ಕಾರ್ಖಾನೆಯ ಮೆಟ್ಟಿಲನ್ನೇರಿದರು. ಗಿಟಾರು ತಯಾರಿಕೆ ಯುದ್ಧದಲ್ಲಿ ನಿಂತಿತ್ತೆಂದೇ ಬಹುಕಾಲ ಹೇಳಲಾಗುತ್ತಿತ್ತು. ಆ ಹೆಂಗಸರಲ್ಲಿ ಬದುಕಿದ್ದ ಕೆಲವರನ್ನು ಹುಡುಕಿ ಮಾತನಾಡಿಸಿ 2013ರಲ್ಲಿ ಜಾನ್ ಥಾಮಸ್ ಎಂಬ ಲೇಖಕನು ಬರೆದ ಗ್ರಂಥದಿಂದ, ಆ ವರ್ಷಗಳಲ್ಲಿಯೂ ಅವರು ಸಹಸ್ರಾರು ವಾದ್ಯಗಳನ್ನು ತಯಾರಿಸಿದ್ದರೆಂಬ ಸಂಗತಿ ಬೆಳಕಿಗೆ ಬಂದಿತು.

ಟೊಳ್ಳಿನ ದೋಷ, ಗಟ್ಟಿಯ ಗುಣ

ಇಲ್ಲಿ ವಾದ್ಯದ ಮರ್ಮವನ್ನು ಸ್ವಲ್ಪ ತಿಳಿಯಬೇಕು. ನಮ್ಮ ವೀಣೆಯನ್ನೇ ನೋಡಿರಿ. ತಂತಿಯನ್ನು ಮೀಟಿದಾಗ ಹುಟ್ಟುವ ಕಂಪನವು ಕುದುರೆಯ ಮೂಲಕ ಹಲಸಿನ ಮರದ ಕೊಡಕ್ಕೆ ಇಳಿಯುತ್ತದೆ. ಕೊಡದ ಟೊಳ್ಳಿನಲ್ಲಿ ನಾದವು ತುಂಬಿಕೊಂಡು ಸಭೆಗೆ ಕೇಳಿಸುತ್ತದೆ. ಗಿಟಾರಿನ ಹೊಟ್ಟೆ ಮಾಡುವುದೂ ಅದೇ ಕೆಲಸವನ್ನು.

ವಿದ್ಯುತ್ ಗಿಟಾರಿನ ಕ್ರಮ ಬೇರೆ. ಉಕ್ಕಿನ ತಂತಿಗಳ ಕೆಳಗೆ ಅಯಸ್ಕಾಂತವೂ ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸುರುಳಿಯೂ ಇರುತ್ತವೆ. ಇದಕ್ಕೆ ಪಿಕಪ್ ಎಂದು ಹೆಸರು. ಉಕ್ಕಿನ ತಂತಿ ಮಿಡಿದಂತೆ ಅಯಸ್ಕಾಂತದ ಕ್ಷೇತ್ರವು ಕದಡಿ, ಸುರುಳಿಯಲ್ಲಿ ಸೂಕ್ಷ್ಮವಾದ ವಿದ್ಯುತ್ತು ಹುಟ್ಟುತ್ತದೆ. ಧ್ವನಿವರ್ಧಕವು ಅದನ್ನೇ ಹಿಗ್ಗಿಸಿ ಗಟ್ಟಿಯಾಗಿ ಕೇಳಿಸುತ್ತದೆ. ಟೊಳ್ಳು ಹೊಟ್ಟೆಯ ಗಿಟಾರಿಗೆ ಇದನ್ನು ಕಟ್ಟಿದಾಗ ಒಂದು ಪೇಚು ಒದಗಿತು. ಧ್ವನಿವರ್ಧಕದ ಸದ್ದಿಗೆ ಹೊಟ್ಟೆಯ ತೆಳು ಹಲಗೆಯೇ ಅದುರುವುದು; ಅದರಿಂದ ತಂತಿ ಮತ್ತೆ ಅದುರುವುದು; ಆ ಅದುರು ಮತ್ತೆ ವರ್ಧಕಕ್ಕೆ ಹೋಗುವುದು. ಈ ಚಕ್ರವು ಸುತ್ತತೊಡಗಿದರೆ ವಾದ್ಯವು ಸ್ವರವನ್ನು ಬಿಟ್ಟು ಊಳಿಡತೊಡಗುತ್ತದೆ. ಮೇಲಾಗಿ, ತಂತಿಯ ಶಕ್ತಿಯನ್ನು ಹೊಟ್ಟೆಯ ಹಲಗೆಯು ಬೇಗನೆ ಕಬಳಿಸುವುದರಿಂದ ಸ್ವರವು ಬಹಳ ಹೊತ್ತು ನಿಲ್ಲುವುದಿಲ್ಲ.

ಸದ್ದನ್ನು ದೊಡ್ಡದು ಮಾಡಲು ಬೇರೆ ಯಂತ್ರವಿರುವಾಗ ಹೊಟ್ಟೆಯಾದರೂ ಏತಕ್ಕೆ? ಟೊಳ್ಳನ್ನೇ ತೆಗೆದು ಗಟ್ಟಿ ಮರದ ಮೇಲೆ ತಂತಿ ಕಟ್ಟಿದರೆ ಊಳೂ ಇಲ್ಲ, ಸ್ವರವೂ ದೀರ್ಘವಾಗಿ ನಿಲ್ಲುವುದು. ಈ ಆಲೋಚನೆ ಒಬ್ಬನಿಗೇ ಹೊಳೆದುದಲ್ಲ. ಅನೇಕರು ಅನೇಕ ಕಡೆ ಇದೇ ದಾರಿಯಲ್ಲಿ ನಡೆದರು. ಅವರಲ್ಲಿ ಒಬ್ಬನು ಲೆಸ್ ಪಾಲ್.

ದಿಮ್ಮಿ ಹಿಡಿದು ಬಂದ ವಾದಕ

ಆತನ ಹುಟ್ಟುಹೆಸರು ಲೆಸ್ಟರ್ ವಿಲಿಯಂ ಪೋಲ್ಸ್‌ಫಸ್. ಹುಟ್ಟಿದುದು 1915ರ ಜೂನ್ 9ರಂದು, ವಿಸ್ಕಾನ್ಸಿನ್ ಸಂಸ್ಥಾನದ ವಾಕೆಷಾ ಊರಿನಲ್ಲಿ. ಬಾಲ್ಯದಿಂದಲೂ ಕೈಗೆ ಸಿಕ್ಕಿದ ಯಂತ್ರವನ್ನು ಬಿಚ್ಚಿ ನೋಡದೆ ಬಿಡದ ಸ್ವಭಾವ. ರೈಲು ಹಳಿಯ ತುಂಡಿನ ಮೇಲೆ ತಂತಿಯನ್ನು ಬಿಗಿದು, ಅದರ ಕೆಳಗೆ ಟೆಲಿಫೋನಿನ ಭಾಗವನ್ನಿಟ್ಟು ರೇಡಿಯೋ ಪೆಟ್ಟಿಗೆಗೆ ಜೋಡಿಸಿ, ಸ್ವರ ಎಷ್ಟು ಹೊತ್ತು ನಿಲ್ಲುತ್ತದೆಂದು ಹುಡುಗನಾಗಿದ್ದಾಗಲೇ ಪರೀಕ್ಷಿಸಿದುದನ್ನು ಆತನು ಮುಪ್ಪಿನಲ್ಲಿಯೂ ಸಂತೋಷದಿಂದ ಹೇಳಿಕೊಳ್ಳುತ್ತಿದ್ದನು.

1940ರ ಆಸುಪಾಸಿನಲ್ಲಿ ನ್ಯೂಯಾರ್ಕಿನ ಎಪಿಫೋನ್ ಗಿಟಾರು ಕಾರ್ಖಾನೆಯಲ್ಲಿ, ರಜೆಯ ದಿನವಾದ ಭಾನುವಾರಗಳಂದು ಕುಳಿತು, ನಾಲ್ಕಂಗುಲ ದಪ್ಪದ ಪೈನ್ ಮರದ ತೊಲೆಯೊಂದಕ್ಕೆ ಗಿಟಾರಿನ ಕತ್ತನ್ನೂ ತಂತಿಯನ್ನೂ ಪಿಕಪ್ಪನ್ನೂ ಜೋಡಿಸಿದನು. ನಾದವೇನೋ ಆತನು ಬಯಸಿದಂತೆಯೇ ಬಂದಿತು. ಆದರೆ ತೊಲೆಯನ್ನು ಹಿಡಿದು ನಿಂತವನನ್ನು ಕಂಡು ಸಭಿಕರು ಮೆಚ್ಚಲಿಲ್ಲ. ಆಗ ಆತನು ಹಳೆಯ ಗಿಟಾರೊಂದನ್ನು ನಡುವೆ ಸೀಳಿ, ಅದರ ಎರಡು ಹೋಳುಗಳನ್ನು ತೊಲೆಯ ಎಡಬಲಕ್ಕೆ ರೆಕ್ಕೆಗಳಂತೆ ಕಟ್ಟಿದನು. ಕಣ್ಣಿಗೆ ಗಿಟಾರಿನಂತೆ ಕಂಡೊಡನೆ ಕಿವಿಗಳೂ ಒಪ್ಪಿದವು! ‘ದಿಮ್ಮಿ’ ಎಂದೇ ಹೆಸರಾದ ಆ ವಾದ್ಯವನ್ನು ಆತನು ಗಿಬ್ಸನ್ ಕಂಪನಿಯವರ ಬಳಿಗೆ ಕೊಂಡೊಯ್ದಾಗ ಅವರು ಅದನ್ನು ಕಸಬರಿಗೆಯ ಕೋಲೆಂದು ನಗೆಯಾಡಿ ಕಳುಹಿಸಿದರಂತೆ.

1948ರ ಜನವರಿಯಲ್ಲಿ ಓಕ್ಲಹಾಮಾ ಸಂಸ್ಥಾನದಲ್ಲಿ, ಹಿಮಗಟ್ಟಿದ ರಸ್ತೆಯಲ್ಲಿ ಕಾರು ಜಾರಿ ಉರುಳಿ ಲೆಸ್ ಪಾಲನ ಬಲತೋಳಿನ ಮೊಣಕೈ ನುಚ್ಚುನೂರಾಯಿತು. ಅದನ್ನು ಮೊದಲಿನಂತೆ ಮಾಡುವುದು ವೈದ್ಯರಿಂದ ಆಗದು. ಮೊಣಕೈ ಮುಂದೆಂದಿಗೂ ಮಡಿಸದಂತೆ ಒಂದೇ ಭಂಗಿಯಲ್ಲಿ ಬೆಸೆದುಬಿಡಬೇಕು. ಹಾಗಾದರೆ ಗಿಟಾರನ್ನು ಹಿಡಿದು ಮೀಟುವ ಭಂಗಿಯಲ್ಲಿಯೇ ಬೆಸೆಯಿರಿ ಎಂದು ಆತನು ಕೇಳಿಕೊಂಡನು. ಉಳಿದ ಅರುವತ್ತೊಂದು ವರ್ಷಗಳನ್ನು ಆತನು ಆ ಬಾಗಿದ ತೋಳಿನಿಂದಲೇ ನುಡಿಸಿ ಕಳೆದನು. 1951ರಲ್ಲಿ, ಗಾಯಕಿಯಾದ ಪತ್ನಿ ಮೇರಿ ಫೋರ್ಡಳೊಡನೆ, ಒಂದರ ಮೇಲೊಂದಾಗಿ ಧ್ವನಿಪದರಗಳನ್ನು ಮುದ್ರಿಸಿ ಆತನು ತಂದ ಹಾಡು ಒಂಬತ್ತು ವಾರಗಳ ಕಾಲ ಅಮೆರಿಕದ ಮಾರಾಟದ ಪಟ್ಟಿಯ ತುದಿಯಲ್ಲಿ ನಿಂತಿತು. ಕಸಬರಿಗೆ ಕೋಲಿನ ವಾದಕನು ದೇಶದ ಮನೆಮಾತಾದನು.

1952ರ ಹೊನ್ನು

ಅಷ್ಟರಲ್ಲಿ ಪಶ್ಚಿಮದ ಕ್ಯಾಲಿಫೋರ್ನಿಯಾದಲ್ಲಿ ಲಿಯೋ ಫೆಂಡರ್ ಎಂಬ ರೇಡಿಯೋ ದುರಸ್ತಿಗಾರನು 1950ರಲ್ಲಿ ಗಟ್ಟಿ ಮೈಯ ಗಿಟಾರನ್ನು ಮಾರಾಟಕ್ಕೆ ಬಿಟ್ಟಿದ್ದನು. ಚಪ್ಪಟೆ ಹಲಗೆಗೆ ಕತ್ತನ್ನು ತಿರುಪಿನಿಂದ ಬಿಗಿದ ಸರಳ ವಾದ್ಯವದು. ಹಳೆಯ ಮನೆತನದ ಕಂಪನಿಗಳು ಮೊದಲು ಮೂಗು ಮುರಿದವು. ಆದರೆ ಅದು ಮಾರಾಟವಾಗತೊಡಗಿತು. ಅದೇ 1950ರಲ್ಲಿ ಗಿಬ್ಸನ್ ಕಂಪನಿಯ ಅಧ್ಯಕ್ಷನಾದ ಟೆಡ್ ಮೆಕಾರ್ಟಿಯು ತಾನು ವಾದಕನಲ್ಲದಿದ್ದರೂ ಗಾಳಿ ಬೀಸುವ ದಿಕ್ಕನ್ನು ಬಲ್ಲವನು. ನಾವೂ ಗಟ್ಟಿ ಗಿಟಾರನ್ನು ಮಾಡೋಣ. ಆದರೆ ಕಲಮಜೂ ಮಾತ್ರ ಮಾಡಬಲ್ಲ ರೀತಿಯಲ್ಲಿ ಮಾಡೋಣ ಎಂದು ನಿಶ್ಚಯಿಸಿದನು.

ಆ ರೀತಿ ಯಾವುದು? ಬೆನ್ನಿಗೆ ಮೃದುವಾದ ಮಹಾಗನಿ ಮರ. ಅದರ ಮೇಲೆ ಗಡುಸಾದ ಮೇಪಲ್ ಮರದ ಮೇಲ್ಹಾಸು. ಒಂದು ನಾದಕ್ಕೆ ತುಂಬುತನವನ್ನು ಕೊಟ್ಟರೆ ಇನ್ನೊಂದು ಹೊಳಪನ್ನು ಕೊಡುವುದೆಂಬುದು ತಯಾರಕರ ಎಣಿಕೆ. ಮೇಲ್ಹಾಸು ಚಪ್ಪಟೆಯಾಗಿರದೆ, ಐವತ್ತು ವರ್ಷಗಳ ಹಿಂದೆ ಜೋಡಿನಂಗಡಿಯ ಗುಮಾಸ್ತೆಯು ಹಾಕಿಕೊಟ್ಟ ಮೇಲ್ಪಂಕ್ತಿಯಂತೆ, ನಡುವೆ ಉಬ್ಬಿ ಅಂಚಿಗೆ ಇಳಿಯಬೇಕು. ಹಾಗೆ ಕೆತ್ತುವ ಯಂತ್ರಗಳೂ ಕೆತ್ತಿ ಪಳಗಿದ ಕೈಗಳೂ ಪಾರ್ಸನ್ಸ್ ಬೀದಿಯಲ್ಲಿದ್ದವು, ಫೆಂಡರನ ಬಳಿ ಇರಲಿಲ್ಲ. ಕತ್ತನ್ನು ತಿರುಪಿನಿಂದ ಬಿಗಿಯದೆ, ಬಡಗಿಯು ಬಾಗಿಲ ಚೌಕಟ್ಟನ್ನು ಕೂಡಿಸುವಂತೆ, ಗಾಡಿಗೆ ಕೂರಿಸಿ ಅಂಟಿನಿಂದ ಬೆಸೆಯಬೇಕು. ಗಟ್ಟಿ ಮರವಾದುದರಿಂದ ತೂಕ ಸುಮಾರು ನಾಲ್ಕು ಕಿಲೋಗ್ರಾಂ ಆಯಿತು.

ವಾದ್ಯ ಸಿದ್ಧವಾಗುತ್ತಿದ್ದಂತೆ ಮೆಕಾರ್ಟಿಯು ಪೆನ್ಸಿಲ್ವೇನಿಯಾದ ಬೆಟ್ಟಗಳ ನಡುವೆ ಬೇಟೆಗಾರರ ಬಿಡಾರವೊಂದರಲ್ಲಿ ಹಾಡುಗಳನ್ನು ಮುದ್ರಿಸುತ್ತಿದ್ದ ಲೆಸ್ ಪಾಲ್ ದಂಪತಿಗಳನ್ನು ಹುಡುಕಿಕೊಂಡು ಹೋಗಿ ಒಪ್ಪಂದ ಮಾಡಿಕೊಂಡನು. ವಾದ್ಯಕ್ಕೆ ಆತನ ಹೆಸರು. ಆತನು ಜನರೆದುರು ನುಡಿಸುವುದು ಗಿಬ್ಸನ್ ಮಾತ್ರ. ವಿನ್ಯಾಸದಲ್ಲಿ ಯಾರ ಪಾಲು ಎಷ್ಟೆಂಬುದರ ಬಗ್ಗೆ ಮುಂದೆ ಇಬ್ಬರೂ ಬೇರೆ ಬೇರೆಯಾಗಿ ಹೇಳಿದರು. ಹೊಂಬಣ್ಣವನ್ನು ಆಯ್ದುಕೊಟ್ಟುದು ಲೆಸ್ ಪಾಲ್ ಎಂಬುದು ಸಾಮಾನ್ಯವಾಗಿ ಎಲ್ಲರೂ ಒಪ್ಪುವ ಮಾತು. ಹೀಗೆ 1952ರಲ್ಲಿ ಹೊನ್ನಿನ ಮೈಯ ಗಿಟಾರು 210 ಡಾಲರ್ ಬೆಲೆಗೆ ಅಂಗಡಿಗೆ ಬಂದಿತು.

ಮೊದಲ ವರ್ಷದ ವಾದ್ಯಗಳಲ್ಲಿ ಒಂದು ಕೊರತೆಯಿತ್ತು. ಕತ್ತನ್ನು ಕೂರಿಸಿದ ಓರೆ ಸಾಲದೆ, ತಂತಿಗಳನ್ನು ಕುದುರೆಯ ಸರಳಿನ ಮೇಲೆ ಹಾಯಿಸುವ ಬದಲು ಕೆಳಗೆ ತೂರಿಸಬೇಕಾಯಿತು. ಅಂಗೈಯಿಂದ ತಂತಿಯನ್ನು ಒತ್ತಿ ನಾದವನ್ನು ಅಡಗಿಸುವುದು ವಾದಕನಿಗೆ ಕಷ್ಟವಾಯಿತು. ಮರುವರ್ಷ ಕಾರ್ಖಾನೆಯವರು ಇದನ್ನು ತಿದ್ದಿದರು. 1954ರಲ್ಲಿ ಪ್ರತಿಯೊಂದು ತಂತಿಯ ಶ್ರುತಿಯನ್ನೂ ಬೇರೆ ಬೇರೆಯಾಗಿ ಸರಿಪಡಿಸಬಲ್ಲ ಹೊಸ ಕುದುರೆಯನ್ನು ತಂದರು.

ಗುಂಯ್ಗುಡುವಿಕೆಗೆ ಮದ್ದು

ಉಳಿದಿದ್ದ ದೊಡ್ಡ ಉಪದ್ರವವೆಂದರೆ ಗುಂಯ್ಗುಡುವಿಕೆ. ಮನೆಯ ದೀಪದ ತಂತಿಗಳಲ್ಲಿ ಹರಿಯುವ ವಿದ್ಯುತ್ತು ಅಮೆರಿಕದಲ್ಲಿ ಸೆಕೆಂಡಿಗೆ 60 ಸಲ ಹಿಂದುಮುಂದಾಗಿ ಓಲಾಡುತ್ತದೆ. ಪಿಕಪ್ಪಿನ ಸುರುಳಿಯು ಸಂಗೀತದ ಜೊತೆಗೆ ಈ ಓಲಾಟವನ್ನೂ ಹಿಡಿದು, ದುಂಬಿಯ ಝೇಂಕಾರದಂತೆ ಬಿಡದೆ ಕೇಳಿಸುತ್ತದೆ. ಕಲಮಜೂವಿನ ಕಾರ್ಖಾನೆಯಲ್ಲಿದ್ದ ಸೆತ್ ಲವರ್ ಎಂಬ ವಿದ್ಯುತ್ ತಂತ್ರಜ್ಞನು ಇದಕ್ಕೆ ಚೆಲುವಾದ ಉಪಾಯವನ್ನು ಕಂಡನು. ಒಂದರ ಬದಲು ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದನ್ನು ಇನ್ನೊಂದಕ್ಕೆ ವಿರುದ್ಧವಾಗಿ ಜೋಡಿಸುವುದು. ಅಯಸ್ಕಾಂತದ ಧ್ರುವಗಳನ್ನೂ ಎರಡರಲ್ಲಿ ತಿರುವುಮುರುವಾಗಿ ಇಡುವುದು. ಹೊರಗಿನಿಂದ ಬರುವ ಗುಂಯ್ ಎರಡು ಸುರುಳಿಗಳಲ್ಲಿಯೂ ಹುಟ್ಟಿ, ಪರಸ್ಪರ ವಿರುದ್ಧವಾದುದರಿಂದ ಒಂದನ್ನೊಂದು ಅಳಿಸಿಬಿಡುತ್ತದೆ. ತಂತಿಯ ನಾದವಾದರೋ, ಎರಡು ಸಲ ತಿರುವುಮುರುವಾದುದರಿಂದ ಮತ್ತೆ ಒಂದೇ ದಿಕ್ಕಿಗೆ ಬಂದು, ಒಂದಕ್ಕೊಂದು ಕೂಡಿ ತುಂಬಿಕೊಳ್ಳುತ್ತದೆ.

1955ರಲ್ಲಿ ಪೇಟೆಂಟಿಗಾಗಿ ಅರ್ಜಿ ಹಾಕಲಾಯಿತು. 1959ರಲ್ಲಿ ಅದು ದೊರೆಯಿತು. 1957ರಿಂದ ಲೆಸ್ ಪಾಲ್ ಗಿಟಾರುಗಳಿಗೆ ಕೂರಿಸಿದ ಈ ‘ಹಂಬಕರ್’ ಪಿಕಪ್ಪುಗಳ ತಳದಲ್ಲಿ, ಪೇಟೆಂಟಿಗೆ ಅರ್ಜಿ ಹಾಕಿದೆಯೆಂದು ಸಾರುವ ಪುಟ್ಟ ಚೀಟಿಯೊಂದನ್ನು ಅಂಟಿಸಿರುತ್ತಿದ್ದರು. ಆ ಚೀಟಿಯುಳ್ಳ ಪಿಕಪ್ಪುಗಳಿಗೆ ಇಂದು ಅಂದಿನ ಇಡೀ ಗಿಟಾರಿನ ಬೆಲೆಯ ಅನೇಕ ಪಾಲು ಹಣವನ್ನು ತೆರುವವರಿದ್ದಾರೆ.

1958ರಲ್ಲಿ ಹೊಂಬಣ್ಣವನ್ನು ಬಿಟ್ಟು, ಮರದ ಎಳೆಗಳು ಕಾಣುವಂತೆ, ನಡುವೆ ಹಳದಿಯಾಗಿ ಅಂಚಿನ ಕಡೆಗೆ ಕೆಂಪೇರುವ ಸೂರ್ಯಾಸ್ತದ ಬಣ್ಣವನ್ನು ಹಚ್ಚಿದರು. ಹುಲಿಯ ಪಟ್ಟೆಗಳಂತೆ ಅಲೆಯಲೆಯಾಗಿ ಹೊಳೆಯುವ ಮೇಪಲ್ ಮರ ಅದರಡಿಯಲ್ಲಿ ಮೆರೆಯಿತು. ಆದರೆ ಕೊಳ್ಳುವವರು ಮುಂದೆ ಬರಲಿಲ್ಲ. ತೂಕ ಹೆಚ್ಚು, ರೂಪ ಹಳೆಯ ಕಾಲದ್ದು ಎಂದರು. 1960ರವರೆಗೆ ಈ ಬಣ್ಣದಲ್ಲಿ ತಯಾರಾದುವು ಸುಮಾರು 1,500 ಮಾತ್ರವೆಂದು ಅಂದಾಜು. ಅದರ ಬೆನ್ನಿಗೇ ಕಂಪನಿಯು ಆ ಆಕಾರವನ್ನು ಕೈಬಿಟ್ಟು, ಎರಡು ಕೊಂಬುಗಳ ತೆಳು ಗಿಟಾರನ್ನು ತಂದಿತು. ಅದು ತನಗೆ ಒಪ್ಪಿಗೆಯಾಗಲಿಲ್ಲವೆಂದು ಲೆಸ್ ಪಾಲ್ ಹೇಳುತ್ತಿದ್ದನು. 1963ರ ಹೊತ್ತಿಗೆ ಆತನ ಹೆಸರೂ ವಾದ್ಯದಿಂದ ಅಳಿಯಿತು.

ಸಾಗರದಾಚೆಯ ಮೆಚ್ಚುಗೆ

ತವರು ತೊರೆದುದನ್ನು ಪರದೇಶ ಎತ್ತಿಕೊಂಡಿತು. ಇಂಗ್ಲೆಂಡಿನ ಯುವಕ ವಾದಕರು ಅಮೆರಿಕದ ನೀಗ್ರೋ ಜನರ ಬ್ಲೂಸ್ ಸಂಗೀತಕ್ಕೆ ಮರುಳಾಗಿದ್ದ ಕಾಲವದು. 1964ರ ಸುಮಾರಿಗೆ ರೋಲಿಂಗ್ ಸ್ಟೋನ್ಸ್ ಮೇಳದ ಕೀತ್ ರಿಚರ್ಡ್ಸ್ ಕೈಯಲ್ಲಿ ಹಳೆಯ ಲೆಸ್ ಪಾಲ್ ಕಾಣಿಸಿಕೊಂಡಿತು. 1966ರಲ್ಲಿ ಎರಿಕ್ ಕ್ಲಾಪ್ಟನ್, ಜಾನ್ ಮೇಯಲನ ಮೇಳದೊಡನೆ ಹೊರತಂದ ಧ್ವನಿಮುದ್ರಿಕೆಯಲ್ಲಿ ಈ ಗಿಟಾರನ್ನು ಧ್ವನಿವರ್ಧಕದ ಮಿತಿಯಾಚೆಗೆ ಒತ್ತಿ ನುಡಿಸಿದಾಗ, ಪಿಟೀಲಿನಂತೆ ಎಳೆದುಕೊಂಡು ಹೋಗುವ, ಗಂಟಲು ಬಿಗಿದ ಮನುಷ್ಯನಂತೆ ಅಳುವ ನಾದವೊಂದು ಹೊರಟಿತು. ಮಹಾಗನಿಯೂ ಮೇಪಲ್ಲೂ ಸೆತ್ ಲವರನ ಜೋಡಿ ಸುರುಳಿಯೂ ಕೂಡಿ ಇಂಥದೊಂದು ದನಿಯನ್ನು ಹಡೆಯಬಲ್ಲವೆಂದು ಕಾರ್ಖಾನೆಯಲ್ಲಿ ಯಾರೂ ಎಣಿಸಿರಲಿಲ್ಲ. ಅವರು ಹಂಬಲಿಸಿದ್ದುದು ನಿರ್ಮಲವಾದ ಸ್ವರವನ್ನು. ಲೋಕ ಮೆಚ್ಚಿದುದು ಕದಡಿದ ಸ್ವರವನ್ನು!

ಹಳೆಯ ವಾದ್ಯಗಳಿಗಾಗಿ ಅಮೆರಿಕದಲ್ಲಿಯೂ ಹುಡುಕಾಟ ಹತ್ತಿಕೊಂಡಿತು. 1968ರಲ್ಲಿ ಕಂಪನಿಯು ಲೆಸ್ ಪಾಲನೊಡನೆ ಮತ್ತೆ ಕೂಡಿ, ಕೈಬಿಟ್ಟಿದ್ದ ಗಿಟಾರನ್ನು ಪುನಃ ತಯಾರಿಸಲಾರಂಭಿಸಿತು. ಯಾರೂ ಕೊಳ್ಳದಿದ್ದ ಸೂರ್ಯಾಸ್ತದ ಬಣ್ಣದ ಆ 1,500 ವಾದ್ಯಗಳಲ್ಲಿ ಒಂದೊಂದೂ ಇಂದು ಲಕ್ಷಾಂತರ ಡಾಲರುಗಳಿಗೆ ಮಾರಾಟವಾಗುತ್ತದೆ.

ಬಾಗಿಲು ಮುಚ್ಚಿದ ದಿನ

ವಾದ್ಯ ಗೆದ್ದರೂ ಅದನ್ನು ಮಾಡಿದ ಊರು ಗೆಲ್ಲಲಿಲ್ಲ. 1969ರಲ್ಲಿ ಗಿಬ್ಸನ್ ಕಂಪನಿಯ ಒಡೆತನವು ಈಕ್ವೆಡಾರ್ ದೇಶದಲ್ಲಿ ಬಿಯರ್ ವ್ಯಾಪಾರದಿಂದ ಬೆಳೆದ ಸಂಸ್ಥೆಯೊಂದರ ಪಾಲಾಯಿತು. ಮುಂದೆ ನಾರ್ಲಿನ್ ಎಂದು ಹೆಸರಾದ ಆ ಒಡೆಯರು 1970ರ ದಶಕದ ನಡುವಿನಲ್ಲಿ ದಕ್ಷಿಣದ ಟೆನಿಸೀ ಸಂಸ್ಥಾನದ ನ್ಯಾಷ್‌ವಿಲ್ ನಗರದಲ್ಲಿ ಹೊಸ ಕಾರ್ಖಾನೆಯನ್ನು ಕಟ್ಟಿದರು. ಹೊಸ ಕಟ್ಟಡಕ್ಕೆ ಮೊದಲು ಹೋದುದು ಲೆಸ್ ಪಾಲ್ ತಯಾರಿಕೆಯೇ. ಕೆಲವು ವರ್ಷ ಎರಡೂ ನಡೆದವು. ಮಾರುಕಟ್ಟೆ ಕುಸಿದಾಗ, ಎರಡನ್ನೂ ಸಾಕುವ ಶಕ್ತಿ ಕಂಪನಿಗೆ ಉಳಿಯಲಿಲ್ಲ. 1984ರಲ್ಲಿ ಪಾರ್ಸನ್ಸ್ ಬೀದಿಯ ಕಾರ್ಖಾನೆಯ ಬಾಗಿಲು ಮುಚ್ಚಿತು.

ಕೆಲಸಗಾರರಿಗೆ ಎದುರಾದ ಪ್ರಶ್ನೆ ಸುಲಭವಾದುದಲ್ಲ. ಮೂವತ್ತು ವರ್ಷ ಒಂದೇ ಕೆಲಸ ಮಾಡಿದ ಕೈಗಳು. ಆ ಕೈಗಳಿಗೆ ಊರಿನಲ್ಲಿ ಬೇರೆ ಕಾರ್ಖಾನೆಯಿಲ್ಲ. ಇನ್ನೊಂದೆಡೆ ಮನೆ, ಮಕ್ಕಳ ಶಾಲೆ, ತಂದೆತಾಯಿಗಳ ಸಮಾಧಿ, ಬಾಲ್ಯದ ಬೀದಿ. ಕೆಲವರು ಹೊರಟು ಹೋದರು. ಕೆಲವರು ಹೋಗಲಾರೆವೆಂದರು. 1950ರ ದಶಕದಲ್ಲಿ ಈ ಕಾರ್ಖಾನೆಗೆ ಕೆಲಸಕ್ಕೆ ಸೇರಿದ್ದ ಜಿಮ್ ಡರ್ಲೂ, ಮಾರ್ವಿನ್ ಲ್ಯಾಂಬ್, ಜೆ. ಪಿ. ಮೋಟ್ಸ್ ಮುಂತಾದವರು ಹಾಗೆ ಉಳಿದವರು. ಕಂಪನಿ ಬಿಟ್ಟುಹೋದ ಯಂತ್ರಗಳಲ್ಲಿ ಬೇಕಾದುವನ್ನು ಕೊಂಡು, ಅದೇ ಕಟ್ಟಡದ ಒಂದು ಭಾಗವನ್ನು ಹಿಡಿದು, 1985ರಲ್ಲಿ ಅವರು ‘ಹೆರಿಟೇಜ್’ ಎಂಬ ಹೆಸರಿನಲ್ಲಿ ಗಿಟಾರು ತಯಾರಿಸತೊಡಗಿದರು. ಹೆರಿಟೇಜ್ ಎಂದರೆ ಪಿತ್ರಾರ್ಜಿತ. ಗಿಬ್ಸನ್ ಎಂಬ ಹೆಸರು ನ್ಯಾಷ್‌ವಿಲ್‌ಗೆ ಹೋಗಿತ್ತು. ಕೆತ್ತುವ ಯಂತ್ರವೂ, ಕತ್ತನ್ನು ಗಾಡಿಗೆ ಕೂರಿಸುವ ಹದವೂ, ಮರವನ್ನು ತಟ್ಟಿ ನೋಡುವ ಕಿವಿಯೂ ಕಲಮಜೂವಿನಲ್ಲಿಯೇ ಉಳಿದವು. ಹಿಂದಿನ ಹೊಗೆಗೊಳವೆಯ ಮೇಲೆ ಮಾತ್ರ ಹೋದವರ ಹೆಸರು ಅನೇಕ ವರ್ಷ ಹಾಗೆಯೇ ನಿಂತಿತ್ತು.

ಅತ್ತ ಗಿಬ್ಸನ್ ಕಂಪನಿಯು 1986ರಲ್ಲಿ ಹೊಸ ಒಡೆಯರ ಕೈಗೆ ಬಂದು ಚೇತರಿಸಿಕೊಂಡಿತು. ಬಹಳ ವರ್ಷ ಏಳಿಗೆಯನ್ನು ಕಂಡು, 2018ರ ಮೇ ತಿಂಗಳಿನಲ್ಲಿ ಸಾಲದ ಭಾರದಿಂದ ನ್ಯಾಯಾಲಯದ ರಕ್ಷಣೆಯನ್ನು ಬೇಡಿ, ಅದೇ ವರ್ಷದ ಕೊನೆಯಲ್ಲಿ ಮತ್ತೆ ಎದ್ದು ನಿಂತಿತು. ಗಿಟಾರಿನ ಆಕಾರದ ಹಕ್ಕು ಯಾರಿಗೆ ಎಂಬ ವಾದವೂ ತಪ್ಪಲಿಲ್ಲ. 2020ರಲ್ಲಿ ಹೆರಿಟೇಜ್ ಮತ್ತು ಗಿಬ್ಸನ್ ಕಂಪನಿಗಳು ಈ ವಿಷಯದಲ್ಲಿ ನ್ಯಾಯಾಲಯದ ಮೆಟ್ಟಿಲನ್ನೇರಿದವು. ಒಂದೇ ಮನೆಯ ದಾಯಾದಿಗಳು ಪಾಲಿಗಾಗಿ ಕಚೇರಿಗೆ ಅಲೆಯುವುದನ್ನು ಕಂಡ ನಮ್ಮವರಿಗೆ ಇದು ಅಪರಿಚಿತವಾದ ದೃಶ್ಯವೇನೂ ಅಲ್ಲ.

ಬೀಟೆಯ ನಂಟು

ಈ ದೂರದ ವಾದ್ಯಕ್ಕೂ ನಮ್ಮ ನಾಡಿಗೂ ಒಂದು ಎಳೆಯ ಸಂಬಂಧವುಂಟು. ಲೆಸ್ ಪಾಲ್ ಗಿಟಾರಿನ ಕತ್ತಿನ ಮೇಲೆ, ಮೆಟ್ಟಿಲುಗಳನ್ನು ಕೂರಿಸುವ ಪಟ್ಟಿಗೆ, ಮೊದಲ ವರ್ಷಗಳಲ್ಲಿ ಬ್ರೆಜಿಲ್ ದೇಶದ ಬೀಟೆಯನ್ನು ಬಳಸುತ್ತಿದ್ದರು. ಆ ಮರ ದುರ್ಲಭವಾದಂತೆ, 1960ರ ದಶಕದ ನಂತರ ಅಮೆರಿಕದ ತಯಾರಕರು ಭಾರತದ ಬೀಟೆಯ ಕಡೆಗೆ ತಿರುಗಿದರು. ಕೊಡಗು ಮಲೆನಾಡುಗಳ ಕಾಡಿನಲ್ಲಿ ಬೆಳೆಯುವ, ಮೈಸೂರಿನ ಕುಶಲಕರ್ಮಿಗಳು ಕೆತ್ತನೆಯ ಪೆಟ್ಟಿಗೆಗಳಿಗೆ ಬಳಸುವ ಜಾತಿಯ ಮರವೇ ಅದು. ಬೆರಳಿನ ಬೆವರಿಗೂ ತಂತಿಯ ಉಜ್ಜಿಗೂ ಅದು ಸುಲಭವಾಗಿ ಸವೆಯದು.

ಈ ಮರಕ್ಕಾಗಿಯೇ 2011ರ ಆಗಸ್ಟಿನಲ್ಲಿ ಅಮೆರಿಕ ಸರ್ಕಾರದ ಅಧಿಕಾರಿಗಳು ಗಿಬ್ಸನ್ ಕಂಪನಿಯ ನ್ಯಾಷ್‌ವಿಲ್ ಮತ್ತು ಮೆಂಫಿಸ್ ಕಾರ್ಖಾನೆಗಳಿಗೆ ನುಗ್ಗಿ ಹಲಗೆಗಳನ್ನು ವಶಪಡಿಸಿಕೊಂಡರು. ಭಾರತದಿಂದ ಬಂದ ಆ ಪಟ್ಟಿಗಳು ಭಾರತದ ರಫ್ತು ನಿಯಮಕ್ಕೆ ಹೊಂದುವಂತೆ ಸಿದ್ಧಪಡಿಸಿದ ವಸ್ತುಗಳೋ, ಬರಿಯ ಮರವೋ ಎಂಬುದು ತಕರಾರು. ಮಡಗಾಸ್ಕರ್ ದ್ವೀಪದಿಂದ ಬಂದ ಕರಿಮರದ ಹಿಂದಿನ ಪ್ರಕರಣವೂ ಸೇರಿ, 2012ರಲ್ಲಿ ಕಂಪನಿಯು 3,00,000 ಡಾಲರ್ ದಂಡ ತೆತ್ತು ರಾಜಿ ಮಾಡಿಕೊಂಡಿತು. ಭಾರತದ ಹಲಗೆಗಳು ಮರಳಿ ಅದರ ಕೈ ಸೇರಿದವು. ವಾದ್ಯದ ಮೇಲಿನ ಹೆಸರು ಎರಡೇ ಆದರೂ ಅದರೊಳಗೆ ಎಷ್ಟು ನಾಡಿನ ಕಾಡುಗಳೂ ಎಷ್ಟು ಜನರ ದುಡಿಮೆಯೂ ಕೂಡಿವೆಯೆಂಬುದು ಇಂಥ ತಕರಾರು ಬಂದಾಗಲೇ ಲೋಕಕ್ಕೆ ನೆನಪಾಗುತ್ತದೆ.

ಲೆಸ್ ಪಾಲ್ 2009ರ ಆಗಸ್ಟಿನಲ್ಲಿ, ತೊಂಬತ್ತನಾಲ್ಕನೆಯ ವಯಸ್ಸಿನಲ್ಲಿ ತೀರಿಕೊಂಡನು. ಬದುಕಿನ ಕೊನೆಯ ವರ್ಷದವರೆಗೂ ನ್ಯೂಯಾರ್ಕಿನಲ್ಲಿ ವಾರಕ್ಕೊಮ್ಮೆ ನುಡಿಸುತ್ತಿದ್ದ ಆತನನ್ನು ಹುಟ್ಟೂರಾದ ವಾಕೆಷಾದಲ್ಲಿ, ತಾಯಿಯ ಪಕ್ಕದಲ್ಲಿ ಮಣ್ಣು ಮಾಡಿದರು. ನಗೆಗೀಡಾದ ಆತನ ದಿಮ್ಮಿಯನ್ನು ನ್ಯಾಷ್‌ವಿಲ್‌ನ ಸಂಗೀತ ವಸ್ತುಸಂಗ್ರಹಾಲಯವು ಜತನದಿಂದ ಕಾಪಾಡಿಕೊಂಡು ಬಂದಿದೆ.

ಅಮೆರಿಕಕ್ಕೆ ಹೋಗುವ ನಮ್ಮವರು ಷಿಕಾಗೋವನ್ನು ನೋಡುತ್ತಾರೆ, ನಯಾಗರಾ ಜಲಪಾತವನ್ನು ನೋಡುತ್ತಾರೆ. ಸಂಗೀತದಲ್ಲಿ ಅಭಿರುಚಿಯುಳ್ಳವರು ನಡುದಾರಿಯಲ್ಲಿ ಒಂದು ದಿನ ಕಲಮಜೂವಿನಲ್ಲಿ ಇಳಿಯಬಹುದು. ಪೇಟೆಯ ನಡುವಿನ ವಸ್ತುಸಂಗ್ರಹಾಲಯದವರು ಊರಿನ ಹಳೆಯ ವಾದ್ಯಗಳನ್ನು ಕೂಡಿಸಿಟ್ಟಿದ್ದಾರೆ. ವಾಹನಗಳಿಗೆ ಎಡೆಗೊಡದೆ ನಡೆಯುವವರಿಗಾಗಿ 1959ರಲ್ಲಿಯೇ ಮೀಸಲಿಟ್ಟು ಹೆಸರಾದ ಅಂಗಡಿಬೀದಿಯೂ ಅಲ್ಲಿಗೆ ಹತ್ತಿರ. ಅಲ್ಲಿಂದ ಉತ್ತರಕ್ಕೆ ನಡೆದರೆ ಪಾರ್ಸನ್ಸ್ ಬೀದಿ. ನೋಡಲು ಭವ್ಯವಾದುದೇನೂ ಇಲ್ಲ. ಹಳೆಯ ಇಟ್ಟಿಗೆ, ದೊಡ್ಡ ಕಿಟಕಿ, ಪಕ್ಕದಲ್ಲಿ ರೈಲು ಹಳಿ. 1917ರಿಂದ 1984ರವರೆಗೆ ಒಂದು ಹೆಸರಿನಲ್ಲಿ, 1985ರಿಂದ ಇನ್ನೊಂದು ಹೆಸರಿನಲ್ಲಿ, ಈ ಕಿಟಕಿಗಳ ಬೆಳಕಿನಲ್ಲಿ ಮರವು ಗಿಟಾರಾಗಿ ಹೊರಬಂದಿದೆ. ಒಡೆಯರು ಬದಲಾದರು, ಹೆಸರು ಬದಲಾಯಿತು. ಕೆತ್ತುವವರು ಮಾತ್ರ ಬಹುಕಾಲ ಅವರೇ ಆಗಿದ್ದರು.